ಡ್ಯಾಂ ತುಂಬೇತಿ, ಬೋರು ಯಾಕ ಏರವಲ್ದು? ಈ ತಿಂಗಳ ಹೊಳಿ, ಕೆರಿ, ಅಂತರ್ಜಲದ ಮಾತು

ಗರಗದ_ಗೌಡ
ಎಲ್ಲಾರಿಗೂ ನಮಸ್ಕಾರ್ರಿ. ತಿಂಗಳಾ ತಿಂಗಳಾ ಇಲ್ಲೆ ಯಾರರೇ ಡ್ಯಾಂ ಮಟ್ಟ ಹಾಕ್ತೀರಿ, ನಾ ಸುಮ್ನ ಓದಿ ಹೋಗ್ತೇನಿ. ಈ ಸಲ ಕೇಳೂದು ಐತಿ.

ಮಲಪ್ರಭಾದ ನವಿಲುತೀರ್ಥ ಡ್ಯಾಂ ತುಂಬೇತಿ, ಗೇಟ್ ತಗದಾರ, ಬಾಗಿನ ಬಿಟ್ಟ ಫೋಟೋ ಪೇಪರಿನ್ಯಾಗ ಬಂದಾವ. ಊರಾಗ ಎಲ್ಲಾರೂ "ಈ ವರ್ಷ ನೀರಿಗೆ ಚಿಂತಿ ಇಲ್ಲ ಬಿಡ್ರಿ" ಅನ್ನಾಕತ್ತಾರ. ಆದ್ರ ನಮ್ಮ ಹೊಲದಾಗಿನ ಬೋರು ಮೇ ತಿಂಗಳದಾಗ ಹೆಂಗ ಕೆಮ್ಮಿಕೋಂತ ನೀರು ಹಾಕತಿತ್ತೋ, ಈಗೂ ಹಂಗ ಹಾಕಾಕತ್ತೈತಿ. ಅರ್ಧ ತಾಸು ಛಲೋ ಬರತೈತಿ, ಆಮ್ಯಾಲೆ ಗಾಳಿ. ವಿಚಿತ್ರ ಅಂದ್ರ ಮಗ್ಗಲ ಹೊಲದಾಗಿನ ಹಳೇ ತೆರೆದ ಬಾವಿಯಾಗ ಆಳುದ್ದ ನೀರು ಏರೇತಿ. ನಡುವ ಒಂದು ಬದು ಅಷ್ಟ. ಇದು ಹೆಂಗ್ರಿ? ಹಿಂಗಾರಿಗೆ ಕಡ್ಲಿ ಬಿತ್ತಬೇಕೋ, ಬೋರು ನಂಬಿ ಗೋಧಿ ಹಾಕಬೇಕೋ ಗೊತ್ತಾಗವಲ್ದು.

ಉಣಕಲ್_ದಂಡಿ
ಗೌಡ್ರ, ನಿಮಗ ಬೋರಿನ ಚಿಂತಿ. ನಮ್ಮ ಓಣಿಗೆ ನಳ ಬಂದು ವಾರ ಆತು. ಡ್ಯಾಂ ತುಂಬಿದ್ರೇನು, ಬಿಟ್ರೇನು, ನಮ್ಮವ್ವ ಕೊಡ ಸಾಲಾಗಿ ಇಟಗೊಂಡು ಕುಂತಾಳ.

ಪೇಢೆ_ಪ್ರಿಯ
ಗೇಟ್ ತಗದ ವಿಡಿಯೋ ಯಾರ ಹತ್ರ ಐತಿ? ಕಳಸ್ರೆಪ್ಪಾ.

ಬತ್ತಿದ_ಬೋರು
ಅದ ಸಮಸ್ಯೆ ನಮ್ಮದೂ ಐತಿ. ಕಲಘಟಗಿ ಕಡೆ ಇಷ್ಟ ಮಳಿ ಆಗೇತಿ, ಗೋವಿನಜೋಳ ಹಳದಿ ಆಗಾಕತ್ತಾವ, ಬೋರಿನ ನೀರು ಮಾತ್ರ ಒಂದೂವರಿ ಇಂಚಿನ ಮ್ಯಾಲೆ ಹೋಗವಲ್ದು. ಮೋಟರ್ ಕೆಟ್ಟೇತಿ ಅಂತ ಎತ್ತಿಸಿ ನೋಡಿದ್ವಿ. ಮೋಟರ್ ಸರಿ ಐತಿ. ಎತ್ತೂ ಗಾಡಿಯವನ ರೊಕ್ಕ ಹೋತು.

ಕಲ್ಲು_ಮಣ್ಣು
ಗೌಡ್ರ, ಡ್ಯಾಮಿನ ಲೆಕ್ಕ ಬೋರಿಗೆ ಹಚ್ಚಬ್ಯಾಡ್ರಿ. ಹಳ್ಳ-ಹೊಳಿ ಹರಿವು ತಾಸಿನ್ಯಾಗ, ದಿನದಾಗ ಬದಲಾಗತೈತಿ. ಡ್ಯಾಂ ಒಂದು ಮಳಿಗಾಲದಾಗ ತುಂಬಿ ಬ್ಯಾಸಗಿಯೊಳಗ ಖಾಲಿ ಆಗತೈತಿ. ಅಂತರ್ಜಲ ಹಂಗಲ್ಲ, ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು ಬಾಕಿ ಹೊತಗೊಂಡು ಬರತೈತಿ. ಅದೂ ಅಲ್ದ ನವಿಲುತೀರ್ಥ ತುಂಬಿದ್ದು ಗರಗದ ಮಳಿಯಿಂದ ಅಲ್ಲ. ಮಲಪ್ರಭಾ ಹುಟ್ಟೂದು ಖಾನಾಪುರ ತಾಲೂಕಿನ ಕಣಕುಂಬಿಯಾಗ, ಘಟ್ಟದ ಮಳಿ ಅದು. ಅಲ್ಲಿ ಜುಲೈದಾಗ ನಾಕು ದಿನ ಹಿಡಕೊಂಡ್ರ ಸಾಕು, ನಮ್ಮ ಹೊಲದಾಗ ಧೂಳು ಇದ್ರೂ ಡ್ಯಾಂ ಏರತೈತಿ.

ಈಗ ಭೂಮಿಯೊಳಗಿನ ಮಾತು. ನಮ್ಮ ಕಾಲಕೆಳಗ ಇರೂದು ಗಟ್ಟಿ ಕಲ್ಲು, ಧಾರವಾಡ ಶಿಸ್ಟು ಅಂತಾರಲ್ಲ ಅದು. ನೀರು ನಿಲ್ಲೂದು ಎರಡ ಕಡೆ. ಮ್ಯಾಲೆ ಮೆತ್ತಗಾದ ಕಲ್ಲಿನ ಪದರ, ಅಂದ್ರ ಬಾವಿ ತೋಡುವಾಗ ಗುದ್ದಲಿಗೆ ಸಿಗೂದು. ಅದರ ಕೆಳಗ ಗಟ್ಟಿ ಕಲ್ಲಿನ ಬಿರುಕು. ಇಂಥ ಭೂಮಿಯಾಗ ಬಿದ್ದ ಮಳಿಯೊಳಗ ನೂರಕ್ಕ ಎಂಟು ಕೆಳಗ ಇಳದ್ರ ದೊಡ್ಡದು. ವರ್ಷಕ್ಕ 750 ಮಿ.ಮೀ. ಹಿಡದ್ರ 60 ಮಿ.ಮೀ. ಇಳೀತು. ಆ ಮೆತ್ತನ್ನ ಪದರದಾಗ ನೀರು ಹಿಡಿಯೂ ಸಂದಿ ನೂರಕ್ಕ ಎರಡರಷ್ಟು. ಹಿಂಗಾಗಿ 60 ಮಿ.ಮೀ. ನೀರು ಬಾವಿ ಮಟ್ಟಾ 3 ಮೀಟರ್, ಅಂದ್ರ 10 ಅಡಿ ಏರಸತೈತಿ. ಮಗ್ಗಲ ಬಾವಿ ಏರಿದ್ದು ಇದಕ್ಕ. ಏರೂದು ಜಲ್ದಿ, ಪಂಪು ಹಚ್ಚಿದ್ರ ಇಳಿಯೂದೂ ಅಷ್ಟ ಜಲ್ದಿ.

ನಿಮ್ಮ ಬೋರು ಎಷ್ಟು ಆಳ? ಕೇಸಿಂಗ್ ಎಲ್ಲೀಮಟ ಇಳಿಸ್ಯಾರ? ಅದನ್ನ ಹೇಳ್ರಿ ಮೊದಲ.

ಗರಗದ_ಗೌಡ
480 ಅಡಿ ಸರ. ಕೇಸಿಂಗ್ 80 ಅಡಿ. ಮಣ್ಣು ಕುಸಿಯಾಕತ್ತೇತಿ ಅಂತ ಗಾಡಿಯವ ಹಾಕಿದ.

ಕಲ್ಲು_ಮಣ್ಣು
ಆತಲ್ಲ ಮತ್ತ. ಮ್ಯಾಲಿನ ಪದರಕ್ಕ 80 ಅಡಿ ಪೈಪು ಹಾಕಿ ಬಾಯಿ ಬಂದ್ ಮಾಡ್ಯಾರ. ಬಾವಿಗೆ ಬಂದ ನೀರು ನಿಮ್ಮ ಬೋರಿನೊಳಗ ಬರಾಕ ದಾರೀನ ಇಲ್ಲ. ನಿಮಗ ಬರೂದು ಕೆಳಗಿನ ಬಿರುಕಿನ ನೀರು. ಅಲ್ಲಿಗೆ ಮಳಿ ನೀರು ಮುಟ್ಟಾಕ ತಿಂಗಳಗಟ್ಟಲೆ ಬೇಕು. ಕೆಲವು ಕಡೆ ಒಂದು ಮಳಿಗಾಲ ಪೂರಾ ಹೋದ್ರೂ ಮುಟ್ಟೂದಿಲ್ಲ. ಅದ ಬಿರುಕಿಗೆ ಊರ ಮಂದೀದು ಎಷ್ಟು ಬೋರು ಅವ ಅನ್ನೂದೂ ಲೆಕ್ಕಕ್ಕ ಬರತೈತಿ. 2023ರ ಬರದಾಗ ರಾಜ್ಯದ 236 ತಾಲೂಕಿನೊಳಗ 223 ಬರಪೀಡಿತ ಅಂತ ಸಾರಿದ್ರಲ್ಲ, ಆ ವರ್ಷ ಬೆಳಿ ಉಳಿಸಾಕ ಎಲ್ಲಾರೂ ಹಗಲೂ ರಾತ್ರಿ ಎಳದಾರ. ಆ ಬಾಕಿ ಒಂದೆರಡು ಮಳಿಗೆ ತೀರೂದಲ್ಲ.

ಬತ್ತಿದ_ಬೋರು
ಅಂದ್ರ ಕೇಸಿಂಗ್‌ಗೆ ತೂತು ಹೊಡದ್ರ ಆತಲ್ಲ?

ಕಲ್ಲು_ಮಣ್ಣು
ಹೊಡೀರಿ, ಮಣ್ಣು ಬಂದು ಮೋಟರ್ ಹೂತ ಮ್ಯಾಲೆ ಮತ್ತ ಇಲ್ಲೇ ಬಂದು ಬರೀರಿ. ಬೋರಿನ ಸುತ್ತ ಗುಂಡಿ ತಗದು ಕಲ್ಲು, ಖಡಿ, ಉಸುಕು ತುಂಬಿ ಇಂಗುಗುಂಡಿ ಮಾಡಿ, ಆಮ್ಯಾಲೆ ಆ ಗುಂಡಿಯೊಳಗಿನ ಕೇಸಿಂಗ್‌ಗೆ ತೂತು ಹೊಡದು ಜಾಳಿಗಿ ಸುತ್ತತಾರ. ಅದು ಬ್ಯಾರೆ ಕೆಲಸ. ಬರೇ ತೂತು ಹೊಡಿಯೂದಲ್ಲ.

ಮಠದ_ಓಣಿ
ನಮ್ಮ ಮಾವಾರ ತೆಂಗಿನಕಾಯಿ ಹಿಡದು ಪಾಯಿಂಟ್ ತೋರಿಸಿದ್ದು ಎಂದೂ ಸುಳ್ಳಾಗಿಲ್ಲ. ಕಾಯಿ ನೆಟ್ಟಗ ನಿಂತ್ರ ನೀರು ಐತಿ ಅಂತ ಲೆಕ್ಕ.

ಲೆಕ್ಕದ_ಮಾಸ್ತರ
ಸುಳ್ಳಾದವು ಯಾರ ಲೆಕ್ಕ ಇಟ್ಟಾರ? ಬಿದ್ದ ನೀರಿನ ಕತಿ ಹತ್ತು ಊರಿಗೆ ಹೋಗತೈತಿ. ಒಣಾ ಬೋರಿನ ಕತಿ ಬ್ಯಾಂಕಿನ ಪಾಸ್‌ಬುಕ್ಕಿನ್ಯಾಗ ಇರತೈತಿ.

ಮಠದ_ಓಣಿ
ನೀವು ಮಾಸ್ತರ ಇರಬಹುದು, ಹಿರ್ಯಾರ ಬಗ್ಗೆ ಹಿಂಗ ಮಾತಾಡಬ್ಯಾಡ್ರಿ.

ಲೆಕ್ಕದ_ಮಾಸ್ತರ
ಹಿರ್ಯಾರ ಬಗ್ಗೆ ನಾ ಏನೂ ಅಂದಿಲ್ರಿ ಅಕ್ಕಾರ, ತೆಂಗಿನಕಾಯಿ ಬಗ್ಗೆ ಅಂದೇನಿ.

ಸಪ್ತಾಪುರ_ಅಜ್ಜ
ಕಾಯಿ ಬಿಡ್ರಿ. ಧಾರವಾಡದ ಒಂದು ವಿಷಯ ನಿಮ್ಮಂಥಾ ಹುಡುಗರಿಗೆ ಗೊತ್ತಿರಬೇಕು. ನಮ್ಮ ಊರು ಏಣಿನ ಮ್ಯಾಲೆ, ಅಂದ್ರ ನೀರು ಎರಡೂ ಕಡೆ ಇಳಿಯೋ ದಿಬ್ಬದ ಮ್ಯಾಲೆ ಕೂತದ. ಸೋಮೇಶ್ವರ ಗುಡಿ ಕಡೆ ಬಿದ್ದ ನೀರು ಶಾಲ್ಮಲಾ ಆಗಿ ಬೇಡ್ತಿ ಸೇರ್ತದ, ಮಾಗೋಡದಾಗ ಧುಮುಕಿ ಮುಂದ ಗಂಗಾವಳಿ ಆಗಿ ಅರಬ್ಬೀ ಸಮುದ್ರಕ್ಕ ಹೋಗ್ತದ. ಅದೇ ಊರಿನ ಮೂಡಣ ದಿಕ್ಕಿನ ನೀರು ತುಪ್ಪರಿಹಳ್ಳ, ಬೆಣ್ಣಿಹಳ್ಳ, ಮಲಪ್ರಭಾ, ಕೂಡಲಸಂಗಮ ಅಂತ ಕೃಷ್ಣಾ ಸೇರಿ ಬಂಗಾಲ ಉಪಸಾಗರಕ್ಕ. ಹಿಂಗಿದ್ದ ಮ್ಯಾಲೆ "ಧಾರವಾಡ ಜಿಲ್ಲಾದ ನೀರಿನ ಸ್ಥಿತಿ" ಅಂತ ಒಂದೇ ಮಾತಿನಾಗ ಹೇಳೋದು ಹ್ಯಾಂಗ?

ನಾವು ಸಣ್ಣವರಿದ್ದಾಗ ಹುಬ್ಬಳ್ಳಿಗೆ ನೀರಸಾಗರದ ನೀರೇ ದೊಡ್ಡದು. ಧುಮ್ಮವಾಡದ ಹತ್ರ ಬೇಡ್ತಿ ಹಳ್ಳಕ್ಕ ಕಟ್ಟಿದ್ದು. ಅದಕ್ಕ ಘಟ್ಟದ ಮಳಿ ಸಿಗೂದಿಲ್ಲ, ಕಲಘಟಗಿ-ಧಾರವಾಡದ ಮಳೀನೇ ಗತಿ. ನಮ್ಮ ಮಳಿ ಹ್ಯಾಂಗ ಆಗೇದ ಅಂತ ತಿಳೀಬೇಕಾದ್ರ ನವಿಲುತೀರ್ಥ ನೋಡಬ್ಯಾಡ್ರಿ, ನೀರಸಾಗರ ನೋಡ್ರಿ.

ಪೇಢೆ_ಪ್ರಿಯ
ಅಜ್ಜಾರ, ಸಪ್ತಾಪುರದಾಗ ಇದ್ದೀರಿ ಅಂದ್ರ ಲೈನ್ ಬಜಾರ್ ಪೇಢೆ ಹೆಂಗ ಕೇಜಿ ಈಗ?

ಸಪ್ತಾಪುರ_ಅಜ್ಜ
ಸಕ್ಕರಿ ಕಾಯಿಲೆ ಅದ ತಮ್ಮಾ. ದರಾ ಕೇಳೋ ಪ್ರಸಂಗ ಬಂದಿಲ್ಲ.

ಉಣಕಲ್_ದಂಡಿ
ಅಜ್ಜಾರ ಮಾತು ಖರೆ. 2019ರ ಆಗಸ್ಟ್‌ನ್ಯಾಗ ಉಣಕಲ್ ಕೆರಿ ಕೋಡಿ ಹರದು ನಾಲಾದ ದಂಡಿ ಮನಿಗೋಳಿಗೆ ನೀರು ನುಗ್ಗಿದ್ದು ನಮ್ಮ ಮಳಿಗೆನ. ಅದ ಹೊತ್ತಿಗೆ ಮಲಪ್ರಭಾನೂ ತುಂಬಿ ಬಂತು, ಅದು ಬ್ಯಾರೆ ಮಳಿ. ಎರಡೂ ಒಂದ ವಾರದಾಗ ಬಿತ್ತು ಅಷ್ಟ.

ಆದ್ರ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡವಲ್ರಿ. ಡ್ಯಾಂ ತುಂಬಿದ್ರೂ ನಳ ಯಾಕ ಬರವಲ್ದು?

ಲೆಕ್ಕದ_ಮಾಸ್ತರ
ಕೇಳ್ರಿ ಹಂಗಾರ. 2011ರ ಜನಗಣತಿ ಪ್ರಕಾರ ಹುಬ್ಬಳ್ಳಿ-ಧಾರವಾಡದ ಮಂದಿ 9.43 ಲಕ್ಷ. ಲೆಕ್ಕಕ್ಕ ಸಸಾರ ಆಗ್ಲಿ ಅಂತ 10 ಲಕ್ಷ ಹಿಡಿಯೂಣು. ಒಳಚರಂಡಿ ಇದ್ದ ಊರಿಗೆ ಒಬ್ಬರಿಗೆ ದಿನಕ್ಕ 135 ಲೀಟರ್ ಅಂತ ಮಾನದಂಡ ಐತಿ. ದಿನಕ್ಕ 13.5 ಕೋಟಿ ಲೀಟರ್ ಆತು. ವರ್ಷಕ್ಕ ಸುಮಾರು 4,930 ಕೋಟಿ ಲೀಟರ್. ಒಂದು ಟಿಎಂಸಿ ಅಂದ್ರ 2,831 ಕೋಟಿ ಲೀಟರ್. ಭಾಗಾಕಾರ ಮಾಡಿದ್ರ 1.74 ಟಿಎಂಸಿ.

ನವಿಲುತೀರ್ಥದ್ದು ಒಟ್ಟು 37.73 ಟಿಎಂಸಿ. ಅದರೊಳಗ ಇಡೀ ಅವಳಿ ನಗರ ವರ್ಷಪೂರ್ತಿ ಕುಡದ್ರೂ ಎರಡು ಟಿಎಂಸಿ ಮುಟ್ಟೂದಿಲ್ಲ. ಈಗ ಮಂದಿ ಹೆಚ್ಚಾಗ್ಯಾರ, ಸೋರಿಕಿ ಐತಿ ಅಂದ್ರೂ ಎರಡೂವರಿ, ಮೂರು ಅನ್ರಿ. ನಿಮ್ಮ ನಳ ಬರದಿದ್ದದ್ದು ಡ್ಯಾಮಿನ್ಯಾಗ ನೀರಿಲ್ಲದ್ದಕ್ಕ ಅಲ್ಲ. ಪಂಪು, ಶುದ್ಧೀಕರಣ ಘಟಕ, ಪೈಪು, ಟಾಕಿ, ಕರೆಂಟು, ವಾಲ್ವ್ ತಿರುವಾವ, ಇಷ್ಟೂ ದಾಟಿ ಬರಬೇಕದು.

ಉಣಕಲ್_ದಂಡಿ
ವಾಲ್ವ್ ತಿರುವಾವ ಅಂದ್ರಲ್ಲ, ಅಲ್ಲಿಗೆ ಬಂತು ನೋಡ್ರಿ ಕತಿ. ಮುಂದಿನ ಓಣಿಗೆ ಮೂರು ತಾಸು, ನಮಗ ಒಂದೂವರಿ ತಾಸು. ಅದೂ ರಾತ್ರಿ ಎರಡಕ್ಕ.

ವಿದ್ಯಾನಗರ_ಅಕ್ಕ
2008ರಾಗ ಕೆಲವು ವಾರ್ಡಿಗೆ ದಿನದ 24 ತಾಸು ನೀರಿನ ಯೋಜನಾ ಬಂದಾಗ ನಮ್ಮ ಅಕ್ಕನ ಮನಿಯಾಗ ಡ್ರಮ್ಮು, ಹಂಡೆ ಎಲ್ಲಾ ಮಾರಿಬಿಟ್ರು. ನಾವು ಎರಡು ಗಲ್ಲಿ ಆಚೆ, ನಮ್ಮಲ್ಲಿ ಇನ್ನೂ ಸಿಂಟೆಕ್ಸ್ ಮ್ಯಾಲೆ ಸಿಂಟೆಕ್ಸ್. ಒಂದ ಡ್ಯಾಮು, ಒಂದ ಊರು. ಅಕ್ಕನ ಮನಿಗೆ ಹೋದಾಗ ನಳ ಬಂದ್ ಮಾಡದ ಬಿಡೋ ಅವರ ಮಕ್ಕಳನ್ನ ನೋಡಿದ್ರ ಹೊಟ್ಟಿ ಉರೀತೈತಿ.

ಮಹದಾಯಿ_ನಮ್ಮದು
ಮಾಸ್ತರ, ನಿಮ್ಮ ಲೆಕ್ಕದಾಗ ರೈತ ಎಲ್ಲಿ? ನವಲಗುಂದ, ನರಗುಂದ, ರೋಣ, ಸವದತ್ತಿ ಕಾಲುವಿಗೆ ಎಷ್ಟು ಬೇಕು? ಮಲಪ್ರಭಾ ತುಂಬೂದು ಎಲ್ಲಾ ವರ್ಷ ಅಲ್ಲ. ತುಂಬದ ವರ್ಷ ನೀವು ಪೇಟಿ ಮಂದಿ ಮೊದಲ ಕುಡೀತೀರಿ, ನಮ್ಮ ಕಾಲುವಿ ಬಂದ್. 2018ರ ಆಗಸ್ಟ್ 14ಕ್ಕ ಮಹದಾಯಿ ಹೊಳಿ ನ್ಯಾಯಮಂಡಳಿ ತೀರ್ಪು ಕೊಟ್ಟು ಎಷ್ಟು ವರ್ಷ ಆತು? ಮಹದಾಯಿ ಸೇರೂ ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18 ಟಿಎಂಸಿ ಮಲಪ್ರಭಾಕ್ಕ ತಿರುಗಿಸ್ರಿ ಅಂತ ಆದೇಶ ಐತಿ. ನರಗುಂದದಾಗ 2015ರಿಂದ ಪೆಂಡಾಲ್ ಹಾಕಿ ಕುಂತಿದ್ದು ಸುಮ್ನ ಅಲ್ಲ.

ಲೆಕ್ಕದ_ಮಾಸ್ತರ
ರೈತರನ್ನ ಬಿಟ್ಟಿಲ್ರಿ. ನಳದ ಪ್ರಶ್ನೆ ಕೇಳಿದ್ರು, ನಳದ ಲೆಕ್ಕ ಹೇಳಿದೆ. ನೀವು ಹೇಳಿದ ಎರಡೂ ಕೂಡಿದ್ರ 3.9. ಡ್ಯಾಮಿನ ಹತ್ತನೇ ಒಂದು ಪಾಲು. ಬರಬೇಕು ಅನ್ನೂದಕ್ಕ ನನ್ನ ತಕರಾರಿಲ್ಲ. ಆದ್ರ ಅದು ಬಂದ್ರ ಎಲ್ಲಾ ಕಾಲುವಿಯ ತುದಿಗೂ ನೀರು ಮುಟ್ಟತೈತಿ ಅನ್ನೂದಕ್ಕ ಐತಿ.

ಮಹದಾಯಿ_ನಮ್ಮದು
ಹತ್ತನೇ ಪಾಲು ಅಂದ್ರ ಸಣ್ಣದೇನ್ರಿ? ಡ್ಯಾಂ ಮೂರನೇ ಒಂದು ಪಾಲು ತುಂಬಿದ ವರ್ಷ ಅದ ಹತ್ತನೇ ಪಾಲು ನಮ್ಮ ಜೀವಾ ಉಳಸತೈತಿ!

ಶಿರಸಿ_ಕಡೆಯವ
ಘಟ್ಟದ ಕಾಡು ಕಡಿದು ಕಾಲುವೆ ಮಾಡಿದರೆ ಕಣಕುಂಬಿಯ ಮಳೆಯೇ ಕಡಿಮೆಯಾಗುತ್ತದೆ. ಈಗ ಬೇಡ್ತಿ-ವರದಾ ಜೋಡಣೆ ಅಂತ ಬೇರೆ ಎದ್ದಿದೆ. ನಮ್ಮ ಹೊಳೆ ನಿಮ್ಮ ಬೋರಿನ ಸಾಲ ತೀರಿಸುವುದಕ್ಕಲ್ಲ.

ಮಹದಾಯಿ_ನಮ್ಮದು
ನಿಮ್ಮ ಅಡಕಿ ತೋಟಕ್ಕ ಕಾಡು ಕಡದಿಲ್ಲೇನು?

ನಿರ್ವಾಹಕ
ಮಹದಾಯಿಗೆ ಬೇರೆ ಚರ್ಚೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಈ ತಿಂಗಳ ನೀರಿನ ಸ್ಥಿತಿ ಮಾತ್ರ. ಅಡಕೆಗೂ ಬೇರೆ ಚರ್ಚೆ ಇದೆ.

ಎರಿಹೊಲ_ನವಲಗುಂದ
ನಮ್ಮ ಕಡೆದೂ ಕೇಳ್ರಿ. ನಮಗ ಬೋರಿನ ಸುದ್ದೀನ ಬ್ಯಾಡ. ಹೊಡದ್ರ ಸವಳು ನೀರು. ಬಾಯಾಗ ಹಾಕಾಕ ಬರೂದಿಲ್ಲ, ಬೆಳಿಗೆ ಹಾಕಿದ್ರ ಭೂಮಿ ಬೆಳ್ಳಗಾಗತೈತಿ. ನಾವು ಕುಡಿಯೂದು ಕೆರಿ ನೀರು. ಕಾಲುವಿ ಬಂದಾಗ ಊರ ಕೆರಿ ತುಂಬಿಸಿಕೋತೀವಿ, ಹೊಲದಾಗ ಕೃಷಿಹೊಂಡ ತುಂಬಿಸಿಕೋತೀವಿ.

ಬೆಣ್ಣಿಹಳ್ಳದ ಬಗ್ಗೆ ಯಾರೂ ಬರದಿಲ್ಲ. ಅದು ಶಿಗ್ಗಾಂವಿ ತಾಲೂಕಿನ ದುಂಡಶಿ ಕಡೆ ಹುಟ್ಟಿ ಕುಂದಗೋಳ, ಹುಬ್ಬಳ್ಳಿ, ನವಲಗುಂದ ದಾಟಿ ಮೆಣಸಗಿ ಹತ್ರ ಮಲಪ್ರಭಾ ಸೇರತೈತಿ. ಬ್ಯಾಸಗ್ಯಾಗ ಅದರಾಗ ಕುರಿ ಮೇಯತಾವ. ಮಳಿಗಾಲದಾಗ ಒಂದ ರಾತ್ರಿಗೆ ಎರಡೂ ದಂಡಿ ಹೊಲ ನುಂಗತೈತಿ. ಎರಿಮಣ್ಣು ಮೊದಲನೇ ಮಳಿಗೆ ಬಿರುಕಿನ್ಯಾಗ ಗಟಗಟ ಕುಡೀತೈತಿ, ಆಮ್ಯಾಲೆ ಉಬ್ಬಿ ಬಿರುಕು ಮುಚ್ಚಿದ್ರ ತಾಡಪಾಲು ಹಾಸಿದಂಗ. ಬಿದ್ದದ್ದೆಲ್ಲಾ ಹಳ್ಳಕ್ಕ.

ಮತ್ತ ಟಿವಿಯವರು ಪ್ರತಿ ಸಲ "ನವಿಲುತೀರ್ಥದಿಂದ ನೀರು ಬಿಟ್ಟಿದ್ದಕ್ಕೆ ಪ್ರವಾಹ" ಅಂತಾರ. ಬೆಣ್ಣಿಹಳ್ಳ ಡ್ಯಾಮಿನ ಕೆಳಗ ಸೇರೂದ್ರಿ! ಡ್ಯಾಂ ಒಂದ ಗೇಟೂ ತಗೀದಿದ್ರೂ ಮೆಣಸಗಿ, ಹೊಳೆಆಲೂರು ಕಡೆ ನೀರು ಬರತೈತಿ. 2019ರಾಗ ಎರಡೂ ಕೂಡಿ ಬಂತು, ಅದಕ್ಕ ಅಷ್ಟು ಹಾನಿ.

ಕಲ್ಲು_ಮಣ್ಣು
ಇದು ಭಾಳ ಮುಖ್ಯದ ಮಾತು. ಕೇಂದ್ರ ಜಲ ಆಯೋಗದವರು ಮಲಪ್ರಭಾ ಹರಿವು ಅಳಿಯೂದು ಬಾದಾಮಿ ಹತ್ರ ಚೊಳಚಗುಡ್ಡದಾಗ. ಅಲ್ಲಿ ಮಟ್ಟ ಏರಿದ್ರ ಡ್ಯಾಮಿನ ನೀರೋ, ಬೆಣ್ಣಿಹಳ್ಳದ ನೀರೋ ಅಂತ ಬರೇ ಆ ಅಂಕಿ ನೋಡಿ ಹೇಳಾಕ ಬರೂದಿಲ್ಲ. ಡ್ಯಾಮಿನ ಹೊರಹರಿವು ಜೊತೀಗೆ ಇಟಗೊಂಡು ನೋಡಬೇಕು.

ವರದಾ_ದಂಡಿ
ಹಾವೇರಿಯಿಂದ ನಮಸ್ಕಾರ. ನಮ್ಮ ವಾಟ್ಸಾಪ್ ಗುಂಪಿನ್ಯಾಗ ಒಬ್ಬಾವ "ಮರೋಳದಾಗ ವರದಾ ಐದನೂರು ಚಿಲ್ರೆ ಮೀಟರ್ ಬಂದೇತಿ, ಎಲ್ಲಾರೂ ಊರು ಬಿಡ್ರಿ" ಅಂತ ಹಾಕ್ಯಾನ. ಮಂದಿ ಗಾಬರಿ ಆಗ್ಯಾರ. ಏನಿದು?

ಲೆಕ್ಕದ_ಮಾಸ್ತರ
ಅಯ್ಯ ಶಿವನ! ಅದು ಸಮುದ್ರಮಟ್ಟದಿಂದ ಎಣಿಸಿದ್ದು. ಹೊಳಿ ಒಣಗಿದ್ರೂ ಅಲ್ಲಿ ಐದನೂರು ಚಿಲ್ರೇನ ಇರತೈತಿ. ಅಪಾಯದ ಮಟ್ಟ ಅಂತ ಮಗ್ಗಲದಾಗ ಬರದಿರತಾರ, ಅದಕ್ಕೂ ಇದಕ್ಕೂ ಎಷ್ಟು ಅಂತರ ಐತಿ ನೋಡಬೇಕು.

ವರದಾ_ದಂಡಿ
ಅವಂಗ ಹೇಳಿದೆ. "ನೀ ಏನ್ ಎಂಜಿನಿಯರಾ?" ಅಂದ. ಗುಂಪಿನಿಂದ ಹೊರಗ ಬಂದೆ.

ಇರ್ಲಿ, ನಮ್ಮ ಕಡೆ ಸ್ಥಿತಿ ಹೇಳ್ತೇನಿ. ವರದಾ ಹುಟ್ಟೂದು ಸಾಗರ ತಾಲೂಕಿನ ವರದಾಮೂಲದಾಗ. ನಮ್ಮಲ್ಲಿ ಮಳಿ ಇಲ್ಲದಿದ್ರೂ ಮಲೆನಾಡಿನ್ಯಾಗ ಬಿದ್ರ ಹೊಳಿ ಕೆಂಪಾಗಿ ಬರತೈತಿ. ಈಗ ಬಾಂದಾರದ ಮ್ಯಾಲೆ ಹರಿಯಾಕತ್ತೇತಿ. ಆದ್ರ ಇದನ್ನ ನೋಡಿ ಮರುಳಾಗಬ್ಯಾಡ್ರಿ, ಮಾರ್ಚ್‌ಗೆ ಬರ್ರಿ, ಅದ ಹೊಳಿಯಾಗ ಹುಡುಗರು ಕ್ರಿಕೆಟ್ ಆಡತಿರತಾರ. ಗಳಗನಾಥದಾಗ ತುಂಗಭದ್ರಾ ಸೇರೂಮಟ ವರದಾಕ್ಕ ದೊಡ್ಡ ಡ್ಯಾಂ ಅಂತ ಒಂದೂ ಇಲ್ಲ. ಬಂದ ನೀರು ಬಂದಂಗ ಹೋತು.

ಬೋರಿನ ಮಾತಿಗೆ: ತುಂಗಾ ಮೇಲ್ದಂಡೆ ಕಾಲುವಿ ಹತ್ರ ಇರೋ ಹೊಲದಾಗ ಬಾವಿ, ಬೋರು ಎರಡೂ ಏರ್ಯಾವ. ನಮ್ಮ ಕಾಕಾನ ಹೊಲ ಕಾಲುವಿ ಕೆಳಗ, ಅವರಿಗೆ ಈಗ ಜವಳಿನ, ಅಂದ್ರ ನೀರು ನಿಂತು ಭೂಮಿ ಕೆಡೂ ತ್ರಾಸು. ನಮ್ಮದು ಕಾಲುವಿಗಿಂತ ಮ್ಯಾಲೆ, ನಮಗ ಏನೂ ಇಲ್ಲ. ಹಾನಗಲ್ ಕಡೆ ಕೆರಿ ಹೆಚ್ಚು, ಧರ್ಮಾ ನೀರೂ ಬರತೈತಿ, ಅವರ ಬೋರು ನಮಗಿಂತ ಛಲೋ.

ಬ್ಯಾಡಗಿ_ಘಾಟು
ಮೆಣಸಿನಕಾಯಿಗೆ ಈಗ ಬಿಸಲು ಬೇಕು. ಹೊಳಿ, ಡ್ಯಾಂ ಎಲ್ಲಾ ತುಂಬ್ಲಿ, ನಮಗ ಎಂಟು ದಿನ ಮಳಿ ಹೊರಪು ಕೊಟ್ರ ಸಾಕು.

ಗದಗ_ಬೆಟಗೇರಿ
ನಮ್ಮ ಗದಗಿನ್ಯಾಗ ಎಲ್ಲಾರೂ ತುಂಗಭದ್ರಾದ ಹೊಸಪೇಟಿ ಡ್ಯಾಮ್ ನೋಡಿ ಖುಷಿ ಪಡಾಕತ್ತಾರ. ತುಂಬೇತಂತ, ಈ ಸಲ ನೀರು ಸಲೀಸಂತ.

ಹಮ್ಮಿಗಿ_ನೀರು
ಬೆಟಗೇರಿ ಅಣ್ಣಾರ, ಅದನ್ನ ನೋಡಿ ಖುಷಿ ಪಡೂದು ಏನೂ ಇಲ್ಲ. ಗದಗಿಗೆ ಕುಡಿಯೂ ನೀರು ಬರೂದು ಮುಂಡರಗಿ ತಾಲೂಕಿನ ಹಮ್ಮಿಗಿ ಬ್ಯಾರೇಜಿನಿಂದ. ಅದು ಹೊಸಪೇಟಿ ಡ್ಯಾಮಿನ ಮ್ಯಾಲಿನ ದಿಕ್ಕಿನ್ಯಾಗ ಐತಿ. ಡ್ಯಾಮಿನ ನೀರು ತಿರುಗಿ ಮ್ಯಾಲೆ ಹರೀತೈತೇನು? 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿ ಹೋದಾಗೂ ನಮ್ಮ ಊರಿನ್ಯಾಗ ಮಂದಿ ಕೊಡ ತುಂಬಿಸಿಡಾಕ ಓಡ್ಯಾಡಿದ್ರು. ನಮಗೂ ಅದಕ್ಕೂ ಸಂಬಂಧ ಇರಲಿಲ್ಲ. ಸಂಬಂಧ ಇದ್ದದ್ದು ಕೊಪ್ಪಳ, ಬಳ್ಳಾರಿ, ರಾಯಚೂರಿನ ರೈತರಿಗೆ.

ನಾವು ನೋಡಬೇಕಾದ್ದು ಲಕ್ಕವಳ್ಳಿಯ ಭದ್ರಾ. ತುಂಬಿದಾಗ 186 ಅಡಿ, 71.5 ಟಿಎಂಸಿ. ಬ್ಯಾಸಗ್ಯಾಗ ಹಮ್ಮಿಗಿ ಹತ್ರ ಹೊಳಿ ಸಣ್ಣಗಾದಾಗ ಭದ್ರಾದಿಂದ ಬಿಟ್ರನ ಗದಗಿಗೆ, ಹಾವೇರಿಗೆ ಕುಡಿಯೂ ನೀರು. ಬಿಟ್ಟದ್ದು ಇಲ್ಲಿಗೆ ಮುಟ್ಟೂದ್ರೊಳಗ ದಾರಿಯಾಗ ಎಷ್ಟು ಪಂಪ್‌ಸೆಟ್ ಕುಡೀತಾವ ಅದು ಬ್ಯಾರೆ ಕತಿ. ಪೊಲೀಸರನ್ನ ನಿಲ್ಲಿಸಿ ಕರೆಂಟ್ ಕತ್ತರಿಸಿದ್ದೂ ಉಂಟು.

ಗದಗ_ಬೆಟಗೇರಿ
ಇದು ಗೊತ್ತ ಇರಲಿಲ್ರಿ. ನಮ್ಮ ಪೇಪರಿನ್ಯಾಗ ದಿನಾ ಹೊಸಪೇಟಿ ಡ್ಯಾಮಿಂದ ಹಾಕತಾರ, ಭದ್ರಾದ್ದು ಹುಡುಕಿದ್ರೂ ಸಿಗೂದಿಲ್ಲ.

ಹಮ್ಮಿಗಿ_ನೀರು
ಮತ್ತ "ಹೊಸಪೇಟಿ ಡ್ಯಾಂ ತುಂಬೇತಿ" ಅಂದ್ರ ಎಷ್ಟು ತುಂಬೇತಿ? ಕಟ್ಟಿದಾಗ 133 ಟಿಎಂಸಿ. ಹೂಳು ತುಂಬಿ ಈಗ 105.78. ತುಂಬಿದ್ರೂ 27 ಟಿಎಂಸಿ ಜಾಗಾದಾಗ ನೀರಲ್ಲ, ರಾಡಿ ಕುಂತೇತಿ.

ರಾಯನಾಳ_ರಾಯ
ಡ್ಯಾಂ ಮಟ್ಟದ ಬಗ್ಗೆ ನಂದೂ ಒಂದು ಐತಿ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ದಿನದ ಪಟ್ಟಿಯಾಗ ಮಲಪ್ರಭಾ ಒಂದು ಶೇಕಡಾ ತೋರಸತೈತಿ, ಕೇಂದ್ರ ಜಲ ಆಯೋಗದ ಗುರುವಾರದ ವಾರಪತ್ರದಾಗ ಇನ್ನೊಂದು. ಯಾರು ಸುಳ್ಳು?

ಲೆಕ್ಕದ_ಮಾಸ್ತರ
ಯಾರೂ ಅಲ್ಲ. ಒಬ್ಬರು ಒಟ್ಟು 37.73ಕ್ಕ ಭಾಗಿಸತಾರ. ಇನ್ನೊಬ್ಬರು ತಳದಾಗಿನ ಎತ್ತಾಕ ಬರದ ನೀರು ಬಿಟ್ಟು, ಬಳಕಿಗೆ ಬರೂ 34ರ ಆಸುಪಾಸಿನ ಲೆಕ್ಕ ಹಿಡೀತಾರ. ಡ್ಯಾಂ ತುಂಬಿದಾಗ ಎರಡೂ ನೂರ ತೋರಸತಾವ, ಜಗಳಿಲ್ಲ. ಬ್ಯಾಸಗಿ ಬಂತಂದ್ರ ವ್ಯತ್ಯಾಸ ದೊಡ್ಡದಾಗತೈತಿ. ಒಟ್ಟು ಲೆಕ್ಕದಾಗ ನೂರಕ್ಕ ಹದಿನೈದು ಐತಿ ಅಂದಾಗ ಖರೇ ಕೈಗೆ ಸಿಗೂದು ನೂರಕ್ಕ ಆರೇಳು. ಮೇದಾಗ ನಾನಂತೂ ಬಳಕಿ ಲೆಕ್ಕಾನ ನೋಡತೇನಿ.

ರಾಯನಾಳ_ರಾಯ
ಒಳಹರಿವು 10 ಸಾವಿರ ಕ್ಯೂಸೆಕ್, ಅಂದ್ರ ಸೆಕೆಂಡಿಗೆ 10 ಸಾವಿರ ಘನ ಅಡಿ ಇದ್ರ ದಿನಕ್ಕೊಂದು ಟಿಎಂಸಿ ಅಲ್ಲ?

ಲೆಕ್ಕದ_ಮಾಸ್ತರ
11,574 ಕ್ಯೂಸೆಕ್ 24 ತಾಸು ಬಂದ್ರ ಒಂದು.

ರಾಯನಾಳ_ರಾಯ
ಸುಮಾರು ಅದ ಆತಲ್ರಿ.

ಲೆಕ್ಕದ_ಮಾಸ್ತರ
ಒಂದು ವಾರಕ್ಕ ಲೆಕ್ಕ ಹಾಕ್ರಿ, ಸುಮಾರು ಎಷ್ಟು ದೂರ ಹೋಗತೈತಿ ಗೊತ್ತಾಗತೈತಿ. ಒಂದು ಟಿಎಂಸಿಗೆ ಹತ್ರ ಬರತೈತಿ ತಪ್ಪು. ಅಷ್ಟು ನೀರು ಅವಳಿ ನಗರ ಆರು ತಿಂಗಳು ಕುಡೀತೈತಿ.

ಲಕ್ಕುಂಡಿ_ಹುಡುಗಿ
ನಮ್ಮೂರಾಗ ನೂರಾ ಒಂದು ಗುಡಿ, ನೂರಾ ಒಂದು ಬಾವಿ ಅಂತಾರ. ನಮ್ಮ ಆಯಿ ಮುಸುಕಿನ ಬಾವಿ ಮೆಟ್ಟಿಲು ನೋಡಿ ಹೇಳತಿದ್ಲು, ಇಷ್ಟು ಮೆಟ್ಟಿಲು ಮುಳಗಿದ್ರ ಹಿಂಗಾರಿ ಜ್ವಾಳ ಗ್ಯಾರಂಟಿ ಅಂತ. ಈಗ ಪ್ರವಾಸಿಗಳು ಫೋಟೋ ಹೊಡ್ಕೊಳ್ಳಾಕ ಬರತಾರ, ಮೆಟ್ಟಿಲು ಎಣಿಸೋರು ಇಲ್ಲ. ಮೊನ್ನೆ ಸಂಜಿಮುಂದ ಹೋಗಿ ನೋಡಿದೆ. ಮ್ಯಾಲಿನ ಮೆಟ್ಟಿಲ ಮಗ್ಗಲದಾಗ ಪಾಚಿ ಗೆರಿ ಐತಿ, ಹಿಂದೊಮ್ಮೆ ನೀರು ಅಲ್ಲೀಮಟ ಬಂದದ್ದು. ಈಗಿನ ನೀರು ಅದಕ್ಕಿಂತ ಭಾಳ ಕೆಳಗ.

ಕಲ್ಲು_ಮಣ್ಣು
ನೀರಿನ ಮಟ್ಟ ಅಳಿಯೂ ಹೊಸ ಸೌಂಡರ್‌ಗಿಂತ ನಿಮ್ಮ ಆಯೀದು ಛಲೋ ಅಳತಿ ತಂಗೀ. ತಿಂಗಳಿಗೊಮ್ಮಿ ಎಣಿಸಿ ಬರದಿಡ್ರಿ. ಮುಂಡರಗಿ, ಗದಗ ಕಡೆ ಆಳದ ಬೋರಿನ್ಯಾಗ ಫ್ಲೋರೈಡ್ ತ್ರಾಸು ಐತಿ, ಮ್ಯಾಲಿನ ಬಾವಿ ನೀರು ಉಳದ್ರ ಆ ದೃಷ್ಟಿಯಿಂದಾನೂ ಒಳ್ಳೇದು.

ಮಠದ_ಓಣಿ
ಹುಬ್ಬಿ ಮಳಿ ಛಲೋ ಆತು. ಉತ್ತರಿ, ಹಸ್ತ ಕೈ ಹಿಡದ್ರ ಎಲ್ಲಾ ಏರತಾವ, ಯಾವ ಅಳತೀನೂ ಬ್ಯಾಡ.

ಗರಗದ_ಗೌಡ
ಎಲ್ಲಾರ ಮಾತೂ ಓದಿದೆ. ಕಲ್ಲು ಮಣ್ಣು ಸರ, ಸರಕಾರದವರು ಬೋರು ಅಳೀತಾರಲ್ಲ, ನಮ್ಮ ಊರಿಂದು ಸಿಗತೈತೇನು?

ಕಲ್ಲು_ಮಣ್ಣು
ರಾಜ್ಯದ ಅಂತರ್ಜಲ ನಿರ್ದೇಶನಾಲಯದವರು ತಮ್ಮ ವೀಕ್ಷಣಾ ಬಾವಿಗಳನ್ನ ತಿಂಗಳಿಗೊಮ್ಮಿ ಅಳೀತಾರ. ಕೇಂದ್ರದವರು ವರ್ಷಕ್ಕ ನಾಕು ಸಲ: ಜನವರಿ, ಮುಂಗಾರಿನ ಮೊದಲ, ಆಗಸ್ಟ್, ನವೆಂಬರ್. ಆದ್ರ ಅವು ತಾಲೂಕಿಗೆ ಕೈಬೆರಳೆಣಿಕಿ. ತಾಲೂಕಿನ ಸರಾಸರಿ ಏರಿದ್ರೂ ನಿಮ್ಮ ಬಿರುಕು ಒಣಾ ಇರಬಹುದು. ನಿಮ್ಮದು ನೀವ ಅಳೀರಿ. ಈ ತಿಂಗಳು ಒಮ್ಮೆ, ನವೆಂಬರ್‌ನ್ಯಾಗ ಒಮ್ಮೆ ಅಳದು, ಏರೂದು ಕಂಡ್ರ ಅರ್ಧ ಎಕರೆ ಗೋಧಿ. ಕಾಣದಿದ್ರ ಕಡ್ಲಿ ಹಾಕಿ ನಿಶ್ಚಿಂತಿ ಇರ್ರಿ, ಅದು ಇಬ್ಬನಿ ಮ್ಯಾಗ ಬರತೈತಿ.

ಎರಿಹೊಲ_ನವಲಗುಂದ
ಗೌಡ್ರ ಅಕ್ಟೋಬರ್ ಕಳದು ಕಡ್ಲಿ ಬಿತ್ತಿದ್ರ ಇಳುವರಿ ಬೀಳತೈತಿ. ನವೆಂಬರ್‌ಮಟ ಕಾಯಬ್ಯಾಡ್ರಿ. ಕಲ್ಲಿನ ಸರ್‌ಗೆ ಕಲ್ಲು ಗೊತ್ತು, ಕಡ್ಲಿ ನನ್ನ ಕೇಳ್ರಿ.

ಕಲ್ಲು_ಮಣ್ಣು
ಸರಿ, ಹಸ್ತ ಮಳಿ ಮುಗದ ಕೂಡ್ಲೆ ಅಳೀರಿ ಹಂಗಾರ.

ಗರಗದ_ಗೌಡ
ಅಳಿಯೂದು ಹೆಂಗ? ದಾರಕ್ಕ ಕಲ್ಲು ಕಟ್ಟಿ ಬಿಟ್ರ ನಡೀತೈತೇನು?

ಕಲ್ಲು_ಮಣ್ಣು
ತೆರೆದ ಬಾವಿಗೆ ನಡೀತೈತಿ. ಟೇಪಿನ ತುದಿಗೆ ಗೌಂಡಿಯ ತೂಗುಗುಂಡು ಕಟ್ಟಿ, ಕೆಳಗಿನ ನಾಕಡಿಗೆ ಸೀಮೆಸುಣ್ಣ ಒರಸಿ ಬಿಡ್ರಿ, ತೊಯ್ದ ಗೆರಿ ಕಾಣತೈತಿ. ಬೋರಿಗೆ ಸೌಂಡರ್ ಬೇಕು: ಎರಡೆಳಿ ವೈರು, ಸೆಲ್, ಗಂಟಿ. ತುದಿ ನೀರು ಮುಟ್ಟಿದ್ರ ಗಂಟಿ ಬಾರಸತೈತಿ. ರಾತ್ರಿ ಪೂರಾ ಮೋಟರ್ ಬಂದ್ ಇಟ್ಟು ನಸುಕಿನ್ಯಾಗ ಅಳೀರಿ. ಮಗ್ಗಲದವರ ಮೋಟರೂ ಬಂದ್ ಇದ್ರ ಇನ್ನೂ ಛಲೋ. ಕೇಸಿಂಗ್ ನೆಲದಿಂದ ಎಷ್ಟು ಮ್ಯಾಲೆ ಐತಿ ಅದನ್ನ ಕಳೀರಿ.

ಬತ್ತಿದ_ಬೋರು
ನಾ ಒಮ್ಮೆ ಪ್ರಯತ್ನ ಮಾಡೇನಿ. ವೈರು ಹೋಗಿ ಮೋಟರ್ ಕೇಬಲ್‌ಗೆ ಸುತಗೊಂತು, ಎಳದ್ರ ಬರವಲ್ದು. ಕಡೀಕ ಕತ್ತರಿಸಿ ಬಿಟ್ಟೆ, ಇನ್ನೂ ಒಳಗ ಐತಿ.

ಕಲ್ಲು_ಮಣ್ಣು
ಅದಕ್ಕ ಮುಂದಿನ ಸಲ ಮೋಟರ್ ಎತ್ತಿದಾಗ ನೀರು ಮ್ಯಾಲೆ ತರೂ ಕಾಲಂ ಪೈಪಿನ ಜೋಡಿ ಮುಕ್ಕಾಲು ಇಂಚಿನ ಪಿವಿಸಿ ಪೈಪು ಕಟ್ಟಿ ಮೋಟರಿನ ಮ್ಯಾಲೀಮಟ ಇಳಿಸ್ರಿ. ಸೌಂಡರ್ ಅದರೊಳಗ ಹೋಗಿ ಬರತೈತಿ, ಎಲ್ಲೂ ಸಿಗಬೀಳೂದಿಲ್ಲ.

ಗರಗದ_ಗೌಡ
ದಸರಾ ಮುಂದ ಮೋಟರ್ ಎತ್ತಸೂದು ಐತಿ, ಆವಾಗ ಹಾಕಸ್ತೇನಿ. ಆ ಪೈಪಿನ ಕೆಳಗಿನ ಬಾಯಿ ಬಿಡಬೇಕೋ, ಮುಚ್ಚಬೇಕೋ?

ಕಲ್ಲು_ಮಣ್ಣು
ಮುಚ್ಚಿ, ಕೆಳಗಿನ ಮೂರು ಅಡಿಗೆ ಸಣ್ಣ ತೂತು ಹೊಡಸ್ರಿ. ತೆರದ ಬಿಟ್ರ ಸೌಂಡರ್ ಹೊರಗ ಜಾರಿ ಮತ್ತ ಕೇಬಲ್‌ಗೆ ಸುತಗೋತೈತಿ.

ಬತ್ತಿದ_ಬೋರು
ಗೌಡ್ರ, ಎತ್ತೂ ಗಾಡಿಯವಂದು ನಂಬರ್ ನನ್ನ ಹತ್ರ ಐತಿ, ಖಾಸಗಿಯಾಗಿ ಕಳಸ್ತೇನಿ. ದರಾ ಮೊದಲ ಮಾತಾಡ್ಕೊಳ್ರಿ.